ಕವರ್‌ನೊಳಗೆ ಮುಖ, ಬೆನ್ನ ಹಿಂದೆ ಡಾಲ್ಫಿನ್

ಇದು ನಡೆದಿದ್ದು ಹೋದ್ ವರ್ಷ ಡಿಸೆಂಬರ್‌ನಲ್ಲಿ. ನಮ್ಮೂರು ತರೀಕೆರೆ. ಸಮುದ್ರಕ್ಕೂ ನಮಗೂ ಯಾವ ಸಂಬಂಧನೂ ಇಲ್ಲ. ನೀರು ಅಂದ್ರೆ ನಮಗೆ ಕೆರೆ, ಭದ್ರಾ ಡ್ಯಾಮು, ನೆಂಟ್ರು ಬಂದಾಗ ತೋರ್ಸಕ್ಕೆ ಹೆಬ್ಬೆ ಫಾಲ್ಸು, ಅಷ್ಟೇ. ಅಂಥ ಊರಲ್ಲಿ ಹುಟ್ಟಿದ ನಂಗೆ ಡಾಲ್ಫಿನ್ ಹುಚ್ಚು ಹೆಂಗೆ ಹತ್ತಿತು ಅಂತ ಕೇಳಿದ್ರೆ ಸರಿಯಾಗಿ ಹೇಳಕ್ಕೆ ಬರಲ್ಲ. ಫೋನಲ್ಲಿ ಒಂದಿನ ಒಂದು ವಿಡಿಯೋ ಬಂತು. ಡಾಲ್ಫಿನ್ ಮಲಗಿದಾಗ ಅದರ ಮಿದುಳಲ್ಲಿ ಅರ್ಧ ಮಾತ್ರ ನಿದ್ದೆ ಮಾಡುತ್ತಂತೆ, ಇನ್ನರ್ಧ ಎದ್ದಿರುತ್ತಂತೆ. ಯಾಕಂದ್ರೆ ಅದು ಮೀನಲ್ಲ, ನಮ್ಮ ಥರ ಗಾಳಿ ಉಸಿರಾಡೋ ಪ್ರಾಣಿ, ಪೂರ್ತಿ ಮಲಗಿಬಿಟ್ರೆ ಮುಳುಗಿ ಸಾಯುತ್ತೆ. ಅದನ್ನ ನೋಡಿ ಆ ರಾತ್ರಿ ನನ್ನ ಮಿದುಳು ಅರ್ಧನೂ ಮಲಗಲಿಲ್ಲ.

ಅಲ್ಲಿಂದ ಶುರು. ನಾನು ಓದಿದ್ದು ಬಿ.ಕಾಂ, ಆದ್ರೆ ತಲೇಲಿ ಇದ್ದಿದ್ದೆಲ್ಲ ಡಾಲ್ಫಿನ್ನು. ಯಾವುದು ಎಷ್ಟು ಆಳದಲ್ಲಿ ಇರುತ್ತೆ, ಯಾವುದರ ಬೆನ್ನು ಹೆಂಗಿರುತ್ತೆ, ಮರಿಗೆ ಹೆಂಗೆ ಹಾಲು ಕೊಡುತ್ತೆ, ಎಲ್ಲ ವಿಡಿಯೋ ನೋಡಿ, ಸಿಕ್ಕಿದ್ದನ್ನೆಲ್ಲ ಓದಿ ಕಲ್ತಿದ್ದು. ಹೇಳಿಕೊಟ್ಟೋರು ಯಾರೂ ಇಲ್ಲ. ಫ್ರೆಂಡ್ಸು "ಏನೇ ತಬ್ಸು, ನಿನ್ ಡಾಲ್ಫಿನ್ನು ತರೀಕೆರೆ ಕೆರೆಗೆ ಯಾವಾಗ ಬತ್ತದೆ?" ಅಂತ ಕಾಲೆಳೀತಿದ್ರು. ನನ್ನ ಹೆಸರು ತಬಸ್ಸುಮ್, ಮನೇಲಿ ತಬ್ಸು.

ಹಿಂಗಿರಬೇಕಾದ್ರೆ ಒಂದಿನ ಫೋನಲ್ಲೇ ಕಣ್ಣಿಗೆ ಬಿತ್ತು. ಕಾರವಾರದಲ್ಲಿ ಜನರನ್ನ ಬೋಟಲ್ಲಿ ಕರ್ಕೊಂಡೋಗಿ ಡಾಲ್ಫಿನ್ ತೋರ್ಸೋರು ಒಬ್ಬ ಗೈಡ್ ಹುಡುಕ್ತಿದ್ರು. ಕನ್ನಡ, ಹಿಂದಿ ಎರಡೂ ಬರಬೇಕು, ಬಂದ ಜನಕ್ಕೆ ವಿವರ ಹೇಳಬೇಕು, ಉಳಿದಿದ್ದು ನಾವು ಕಲಿಸ್ತೀವಿ ಅಂತ ಹಾಕಿದ್ರು. ನಾನು ಯೋಚನೇನೇ ಮಾಡಲಿಲ್ಲ, ವಾಯ್ಸ್ ಮೆಸೇಜ್ ಕಳಿಸಿಬಿಟ್ಟೆ. ಒಂದಲ್ಲ, ಸಾಲಾಗಿ ಒಂದರ ಹಿಂದೆ ಒಂದು. ಆ ಕಡೆಯಿಂದ ಸುಜಾತಕ್ಕ ಅನ್ನೋರು ಫೋನ್ ಮಾಡಿದ್ರು. ಅಲ್ಲಿನ ಹಿರಿ ಗೈಡು ಅವರೇ.

"ನೀವು ಇಷ್ಟೆಲ್ಲ ಹೇಳ್ತೀರಲ್ಲ, ಎಷ್ಟು ಸಲ ಡಾಲ್ಫಿನ್ ನೋಡಿದ್ದೀರಿ?" ಅಂದ್ರು.

"ಒಂದು ಸಲಾನೂ ಇಲ್ಲ ಅಕ್ಕ. ಸಮುದ್ರನೂ ನೋಡಿಲ್ಲ."

ಸುಮಾರು ಹೊತ್ತು ನಕ್ಕರು. ಆಮೇಲೆ "ಒಂದು ಟ್ರಿಪ್ ನಮ್ಮ ಜೊತೆ ಬೋಟಲ್ಲಿ ಬನ್ನಿ. ನಿಮಗೂ ನಮಗೂ ಸರಿ ಅನಿಸಿದ್ರೆ ಹೊಸ ವರ್ಷಕ್ಕೆ ಸೇರ್ಕೊಳಿ" ಅಂದ್ರು.

ಈಗ ಇದನ್ನ ಅಬ್ಬಾಗೆ ಹೇಳಬೇಕಿತ್ತು. ಅಬ್ಬಾ ಬಸ್ ಡ್ರೈವರು. ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ಮೇಲೆ ಕೆಮ್ಮಣ್ಣುಗುಂಡಿ ಕಡೆ ಘಾಟಿ ಹತ್ತೋ ಪ್ರೈವೇಟ್ ಬಸ್ಸು ಓಡಿಸ್ತಾರೆ. ಮನೇಲಿ ನಾವು ಮಾತಾಡೋದು ದಖ್ಖನಿ, ಇಲ್ಲಿ ನಿಮಗೋಸ್ಕರ ಕನ್ನಡದಲ್ಲೇ ಬರೀತೀನಿ. ನಾನು ಹೇಳಿದ್ದು ಕೇಳಿ ಅಬ್ಬಾ ಚಾ ಲೋಟ ಕೆಳಗಿಟ್ಟು "ನಕ್ಕೋ" ಅಂದ್ರು. ಬೇಡ ಅಂತ. ಅಷ್ಟೇ, ಒಂದೇ ಮಾತು. ಆಗಲೇ ನಂಗೆ ಊರಲ್ಲಿ ಒಂದು ಅಡಿಕೆ ಮಂಡೀಲಿ ಲೆಕ್ಕ ಬರೆಯೋ ಕೆಲಸ ಮಾತಾಡಿ ಇಟ್ಟಿದ್ರು. ಮನೆಯಿಂದ ನಡ್ಕೊಂಡು ಹೋಗೋ ದೂರ.

ನಾನು ಊಟ ಬಿಟ್ಟು ಹಟ ಏನೂ ಮಾಡಲಿಲ್ಲ. ದಿನಾ ರಾತ್ರಿ ಅಬ್ಬಾ ಊಟಕ್ಕೆ ಕೂತಾಗ ಒಂದೊಂದು ಡಾಲ್ಫಿನ್ ವಿಷಯ ಹೇಳ್ತಾ ಹೋದೆ. ಕೊನೆಗೆ ಒಂದಿನ ಅವರಿಗೇ ಸಾಕಾಯ್ತು ಅಂತ ಕಾಣುತ್ತೆ.

"ನೋಡು ತಬ್ಸು," ಅಂದ್ರು, "ಸ್ಟೇರಿಂಗ್ ಮುಟ್ಟದೇ ಇರೋನು ಬಸ್ಸಿನ ಬಗ್ಗೆ ಎಷ್ಟು ಮಾತಾಡಿದ್ರೂ ಅವನಿಗೆ ನಾನು ಬಸ್ ಕೊಡಲ್ಲ. ನಾನೂ ಬತ್ತೀನಿ, ಆ ಬೋಟಲ್ಲಿ ಕೂತ್ಕೋತೀನಿ. ನೀನು ಆ ಕೆಲಸ ಮಾಡ್ತೀಯ ಅಂತ ನನ್ನ ಕಣ್ಣಿಗೆ ಕಾಣಬೇಕು. ಕಂಡ್ರೆ ಕಳಿಸ್ತೀನಿ. ಕಾಣಲಿಲ್ಲ ಅಂದ್ರೆ ವಾಪಸ್ ಬಂದು ಬಾಯಿ ಮುಚ್ಕೊಂಡು ಮಂಡಿಗೆ ಹೋಗಬೇಕು. ಆಯ್ತಾ?"

"ಆಯ್ತು ಅಬ್ಬಾ" ಅಂದೆ. ಖುಷಿಗೆ ಎದ್ದು ಕುಣಿಯೋದೊಂದು ಬಾಕಿ.

ಅಬ್ಬಾ, ಅಮ್ಮಿ, ನಾನು ಮೂರು ಜನ ಹೊರಟ್ವಿ. ಶಿವಮೊಗ್ಗದಲ್ಲಿ ಬಸ್ ಬದಲಾಯಿಸಿ, ಸಾಗರದ ಮೇಲೆ ಹೊನ್ನಾವರ, ಅಲ್ಲಿಂದ ಕಾರವಾರ. ಡ್ರೈವರ್ ಒಬ್ಬ ಪ್ಯಾಸೆಂಜರ್ ಆಗಿ ಕೂತ್ರೆ ಹೆಂಗಿರುತ್ತೆ ಅಂತ ನೋಡಬೇಕು ನೀವು. ಗೇರುಸೊಪ್ಪೆ ಘಾಟಿ ಪೂರ್ತಿ ಅಬ್ಬಾ ಇಲ್ಲದೇ ಇರೋ ಬ್ರೇಕನ್ನ ಕಾಲಲ್ಲಿ ಒತ್ತುತಾನೇ ಬಂದ್ರು. "ಗೇರ್ ಇಳ್ಸಪ್ಪಾ, ಇಳ್ಸು" ಅಂತ ಬಾಯಲ್ಲೇ ಗೊಣಗೋದು. ಅಮ್ಮಿ "ಸುಮ್ನಿರ್ರೀ, ಆ ಡ್ರೈವರು ಕೇಳಿಸ್ಕೊಂಡ್ರೆ ನಮ್ಮನ್ನ ಇಲ್ಲೇ ಇಳ್ಸಿ ಹೋಯ್ತಾನೆ" ಅಂತ ಗದರಿದ್ರು. ಕಾರವಾರದಲ್ಲಿ ರಸ್ತೆ ಪಕ್ಕಕ್ಕೇ ಸಮುದ್ರ ಬಂತು. ಮೊದಲನೇ ಸಲ ನೋಡಿದ್ದು. ಅಮ್ಮಿ ಕಿಟಕಿ ಕಡೆ ಬಗ್ಗಿ "ಆಚೆ ದಡ ಎಲ್ಲೈತೆ?" ಅಂತ ಕೇಳಿದ್ರು. ಅಬ್ಬಾ "ಅದು ಇಲ್ಲ ಕಣೇ, ಅದಕ್ಕೇ ಅದನ್ನ ಸಮುದ್ರ ಅನ್ನೋದು" ಅಂದ್ರು, ಏನೋ ದಿನಾ ನೋಡಿದೋರ ಥರ.

ಮಾರನೇ ದಿನ ಬೆಳಿಗ್ಗೆ ಬೋಟಿನ ಜಾಗಕ್ಕೆ ಹೋದ್ವಿ. ಸುಜಾತಕ್ಕ ನಾನಂದ್ಕೊಂಡಿದ್ದಕ್ಕಿಂತ ಕುಳ್ಳಗಿದ್ರು, ದನಿ ಮಾತ್ರ ದೊಡ್ಡದು. ಬಂದೋರಿಗೆಲ್ಲ ಲೈಫ್ ಜಾಕೆಟ್ ಕಟ್ತಾ ಇದ್ರು. ಅಷ್ಟರಲ್ಲಿ ಅಮ್ಮಿ ಬ್ಯಾಗಿಂದ ಒಂದು ದೊಡ್ಡ ಮಂಡಕ್ಕಿ ಪ್ಯಾಕೆಟ್ ತೆಗೆದ್ರು.

"ಇದು ಯಾಕಮ್ಮಿ?"

"ಡಾಲ್ಫಿನ್‌ಗೆ."

ಅಬ್ಬಾ ಬಸ್ಸು ಟ್ರಿಪ್ಪಿಗೆ ಶೃಂಗೇರಿಗೆ ಹೋದಾಗ ಒಂದ್ಸಲ ನಾವೂ ಹೋಗಿದ್ವಿ. ಅಲ್ಲಿ ಹೊಳೇಲಿ ಮೀನಿಗೆ ಜನ ಮಂಡಕ್ಕಿ ಹಾಕ್ತಾರೆ, ಮೀನು ಗುಂಪು ಗುಂಪಾಗಿ ಮೇಲೆ ಬರುತ್ತೆ. ಅಮ್ಮಿ ಅದನ್ನ ನೆನಪಿಟ್ಕೊಂಡು, ಬರೀ ಕೈಲಿ ಹೆಂಗೆ ಹೋಗೋದು ಅಂತ ತರೀಕೆರೆಯಿಂದ ಹೊತ್ಕೊಂಡು ಬಂದಿದ್ರು. ನಂಗೆ ನಾಚ್ಕೆ ಆಗೋಯ್ತು. "ಅಮ್ಮಿ, ಅದು ಮಂಡಕ್ಕಿ ತಿನ್ನಲ್ಲ. ಅದಕ್ಕೆ ಏನೂ ಹಾಕಲೂಬಾರದು" ಅಂದೆ. "ಪಾಪ, ಉಪ್ಪಿನ ನೀರಲ್ಲಿ ಬಾಯಿಗೆ ಏನು ರುಚಿ ಇರುತ್ತೆ ಅದಕ್ಕೆ" ಅಂತ ಅಮ್ಮಿ ಬೇಜಾರಲ್ಲಿ ಪ್ಯಾಕೆಟ್ ಒಳಗಿಟ್ಟರು. ಆಮೇಲೆ ಅದನ್ನ ಬೋಟಲ್ಲಿದ್ದ ಎಲ್ರೂ ತಿಂದ್ರು, ಅದು ಬೇರೆ ವಿಷಯ.

ಈಗ ಬೋಟಲ್ಲಿ ಎಲ್ಲಿ ಕೂತ್ಕೋಬೇಕು ಅನ್ನೋದು ಬಂತು. ಇಲ್ಲೇ ನಮ್ಮ ಎಡವಟ್ಟಾಗಿದ್ದು. ಸುಜಾತಕ್ಕ ಹಿಂದೆ ಯಾರದೋ ಜಾಕೆಟ್ ಬಕಲ್ ಹಾಕ್ತಿದ್ರು. ನಾನು ನಡುವೆ ಒಂದು ಸೀಟಿಗೆ ಹೋದೆ. ಅಬ್ಬಾ ರೆಟ್ಟೆ ಹಿಡಿದು ಎಳೆದ್ರು.

"ಅಲ್ಲಿ ಬೇಡ. ಮುಂದೆ ಬಾ."

"ಯಾಕೆ ಅಬ್ಬಾ?"

"ಹೊಟ್ಟೆ ತೊಳಸಬಾರದು ಅಂದ್ರೆ ಮುಂದೆ ಕೂರಬೇಕು. ಹಿಂದೆ ಹಿಂದೆ ಹೋದಷ್ಟೂ ಎತ್ತಾಕುತ್ತೆ. ಇಷ್ಟು ವರ್ಷ ಘಾಟೀಲಿ ಜನ ಹೊತ್ತಿದೀನಿ, ನಂಗೆ ಹೇಳಕ್ಕೆ ಬತ್ತೀಯಾ?"

ಅಬ್ಬಾ ಬಸ್ಸಲ್ಲಿ ಅದು ರೂಲ್ಸು. ಯಾರಾದ್ರೂ ಮುಖ ಸಪ್ಪಗೆ ಮಾಡ್ಕೊಂಡ್ರೆ ಸಾಕು, ಕಂಡಕ್ಟರ್‌ಗೆ ಹೇಳಿ ಮುಂದಿನ ಸೀಟಿಗೆ ತರಿಸ್ತಾರೆ, ಅವರು ಸರಿಯಾಗ್ತಾರೆ. ನಾನು ಅಂತೂ ಅಬ್ಬಾ ಪಕ್ಕದ ಸೀಟಲ್ಲಿ ಕೂತ್ಕೊಂಡೇ ಬೆಳೆದೋಳು, ಒಂದಿನಾನೂ ವಾಂತಿ ಮಾಡಿದೋಳಲ್ಲ. ಸರಿ ಅಂತ ಹೋಗಿ ಬೋಟಿನ ಮೂತೀಲೇ ಕೂತೆ. ಯಾರದೋ ಬೈನಾಕ್ಯುಲರ್ ಬೇರೆ ಇಸ್ಕೊಂಡಿದ್ದೆ.

ಕಾಳಿ ನದಿ ಸಮುದ್ರ ಸೇರೋ ಜಾಗದ ತನಕ ಎಲ್ಲ ಚೆನ್ನಾಗಿತ್ತು. ನೀರು ತಟ್ಟೆ ಥರ ಇತ್ತು. ನಾನು ತಿರುಗಿ ನಿಂತು ಅಬ್ಬಾಗೆ, ಅಮ್ಮಿಗೆ, ಪಕ್ಕದಲ್ಲಿದ್ದ ಹುಬ್ಬಳ್ಳಿ ಕಡೆಯ ಒಬ್ಬರು ಕಾಕಾಗೆ ಪಾಠ ಶುರು ಮಾಡಿದ್ದೆ. ನದಿ ಬಂದು ಸೇರೋ ಕಡೆ ಮೀನು ಜಾಸ್ತಿ, ಅದಕ್ಕೇ ಡಾಲ್ಫಿನ್ ಇಲ್ಲೇ ಸುತ್ತುತ್ತೆ, ಹಂಗೆ ಹಿಂಗೆ. ಅಬ್ಬಾ ತಲೆ ಆಡಿಸ್ತಾ ಇದ್ರು. ಇವತ್ತು ಗೆದ್ದೆ ಅಂದ್ಕೊಂಡೆ.

ನದಿ ದಾಟಿ ಆಚೆ ಹೋದ್ವಿ ನೋಡಿ, ಬೋಟಿನ ಮೂತಿ ಮೇಲೆದ್ದು ಧಡ್ ಅಂತ ಕೆಳಗೆ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ನಾನು ಬೈನಾಕ್ಯುಲರ್‌ನಲ್ಲಿ ಕಣ್ಣಿಟ್ಟಿದ್ದೆ. ಅದರಲ್ಲಿ ಸಮುದ್ರ ಆಕಾಶ ಎಲ್ಲ ಮೇಲೆ ಕೆಳಗೆ ಆಗ್ತಿತ್ತು. ಮೊದಲು ಬಾಯಲ್ಲಿ ನೀರು ಬಂತು. ಆಮೇಲೆ ಕಿವಿ ಬಿಸಿ. ಆಮೇಲೆ ಅಷ್ಟೇ.

ಅಬ್ಬಾ ಜೇಬಿಂದ ಕವರ್ ತೆಗೆದು ಕೊಟ್ಟರು. ಘಾಟಿ ಬಸ್ ಡ್ರೈವರು, ಅಂಗಿ ಬದಲಾಯಿಸಿದ್ರೂ ಜೇಬಲ್ಲಿ ಕವರ್ ಇದ್ದೇ ಇರುತ್ತೆ. ಅದರೊಳಗೆ ಮುಖ ಇಟ್ಟೋಳು ನಾನು ಮತ್ತೆ ಎತ್ತಲಿಲ್ಲ. ಬೆಳಿಗ್ಗೆ ತಿಂದಿದ್ದು, ಹಿಂದಿನ ದಿನದ್ದು, ಎಲ್ಲ ಬಂತು. ಅಬ್ಬಾ "ಇನ್ನೂ ಮುಂದಕ್ಕೆ ಸರಕೋ, ಗಾಳಿ ಬರುತ್ತೆ" ಅಂತಿದ್ರು. ಇನ್ನೂ ಮುಂದಕ್ಕೆ ಹೋದ್ರೆ ಸಮುದ್ರಕ್ಕೇ ಬೀಳಬೇಕಿತ್ತು.

ಸುಜಾತಕ್ಕ ಹಿಂದಿಂದ ಓಡಿ ಬಂದ್ರು. "ಅಯ್ಯೋ ಮಾರಾಯ್ರೆ, ಇವರನ್ನ ಇಲ್ಲಿ ಕೂರಿಸಿದ್ದು ಯಾರು? ಬೋಟಿಗೆ ಮುಂದೇನೇ ಹೆಚ್ಚು ಎತ್ತಿ ಹಾಕೂದು! ನಡುವೆ ಕರ್ಕೊಂಡು ಬನ್ನಿ."

ಅಬ್ಬಾ ನನ್ನ ಭುಜ ಹಿಡ್ಕೊಂಡು ನಡುವಿಗೆ ತಂದು ಬೋಟಿನ ನೆಲದ ಮೇಲೆ ಕೂರಿಸಿದ್ರು. ನಾನು ಕವರ್‌ನೊಳಗೇ ಅಳ್ತಿದ್ದೆ. ಹೊಟ್ಟೆ ನೋವಿಗಲ್ಲ. ಗೈಡ್ ಆಗ್ತೀನಿ ಅಂತ ಬಂದೋಳು, ಡಾಲ್ಫಿನ್ ಬರೋ ಮೊದಲೇ ಹಿಂಗೆ ಬಿದ್ಕೊಂಡ್ರೆ ಯಾರು ಕೆಲಸ ಕೊಡ್ತಾರೆ? ಅಬ್ಬಾ ಕಣ್ಣಿಗೆ ಏನು ಕಾಣಬೇಕಿತ್ತೋ ಅದರ ಉಲ್ಟಾನೇ ಕಾಣ್ತಿತ್ತು. ಅಡಿಕೆ ಮಂಡಿ ನನ್ನ ಕಣ್ಣ ಮುಂದೆ ಬಂದು ನಿಂತಿತ್ತು.

ಆಗ ಹುಬ್ಬಳ್ಳಿ ಕಾಕಾ ಕೂಗಿದ್ರು. "ಅಲ್ಲಿ ನೋಡ್ರೀ, ಅಲ್ಲಿ! ಶಾರ್ಕ್ ಐತೋ ಏನೋ!"

ಬೋಟಲ್ಲಿದ್ದೋರೆಲ್ಲ ಒಂದೇ ಸಲ ಎದ್ದರು. ಸುಜಾತಕ್ಕ "ಕೂತ್ಕೊಳ್ಳಿ, ಬೋಟ್ ವಾಲುತ್ತೆ!" ಅಂತ ಆ ಕಡೆ ಓಡಿದ್ರು. ಅವರಿಗೆ ಜನರನ್ನ ಕೂರಿಸೋದೇ ಕೆಲಸ ಆಗೋಯ್ತು. ನಾನು ತಲೆ ಎತ್ತಕ್ಕೆ ನೋಡಿದೆ, ಎತ್ತಿದ ತಕ್ಷಣ ಮತ್ತೆ ಕವರ್‌ಗೆ. ಎರಡನೇ ಸಲ ನೋಡಿದೆ, ಅದೇ ಕಥೆ. ಜೀವಮಾನ ಎಲ್ಲ ಕಾದಿದ್ದು ನನ್ನ ಬೆನ್ನ ಹಿಂದೆ ಬಂದಿದೆ, ನಾನು ಪ್ಲಾಸ್ಟಿಕ್ ಕವರ್ ನೋಡ್ತಾ ಕೂತಿದೀನಿ.

"ಅಬ್ಬಾ," ಅಂದೆ, "ನೀವು ನೋಡಿ. ನೋಡಿ ನಂಗೆ ಹೇಳಿ. ಬೆನ್ನು ಹೆಂಗಿದೆ?"

"ಬೂದಿ ಬಣ್ಣ."

"ಬೆನ್ನ ಮೇಲೆ ರೆಕ್ಕೆ ಇದ್ಯಾ? ರೆಕ್ಕೆ ಕೆಳಗೆ ಏನಾದ್ರೂ ಉಬ್ಬಿದ್ಯಾ?"

ಅಬ್ಬಾ ಅದು ಮತ್ತೆ ಏಳೋ ತನಕ ಕಾದ್ರು. ಆಮೇಲೆ "ಇದೆ, ಇದೆ! ಡುಬ್ಬ ಇದೆ ತಬ್ಸು. ಅಜ್ಜಂಪುರದ ಹೋರಿಗೆ ಇರುತ್ತಲ್ಲ ಹಂಗೆ. ಅಷ್ಟೆತ್ತರ ಇಲ್ಲ, ಉದ್ದಕ್ಕಿದೆ. ಅದರ ಮೇಲೆ ಸಣ್ಣ ರೆಕ್ಕೆ" ಅಂದ್ರು.

"ಶಾರ್ಕ್ ಅಲ್ಲ ಕಾಕಾ! ಹಂಪ್‌ಬ್ಯಾಕ್ ಡಾಲ್ಫಿನ್ನು!" ಅಂತ ಕವರ್‌ನೊಳಗಿಂದಲೇ ಕಿರುಚಿದೆ. "ದಡದ ಹತ್ರಾನೇ ಇರೋ ಜಾತಿ. ಡುಬ್ಬ ಇದ್ರೆ ಅದೇ!"

"ಒಳಗ ಹೋತಲ್ರೀ ಮೇಡಂ" ಅಂದ್ರು ಕಾಕಾ. ನನ್ನನ್ನ ಮೇಡಂ ಅಂದಿದ್ದು ಅದೇ ಮೊದಲು.

"ಹೋದ ಜಾಗಾನೇ ನೋಡ್ಬೇಡಿ. ಯಾವ ದಿಕ್ಕಿಗೆ ಮುಖ ಮಾಡಿತ್ತೋ ಆ ಕಡೆ, ಸ್ವಲ್ಪ ಮುಂದೆ ನೋಡಿ. ಮೊದಲು ಉದ್ದ ಮೂತಿ ಬರುತ್ತೆ, ಆಮೇಲೆ ಡುಬ್ಬ. ಬೆನ್ನು ತುಂಬ ಬಗ್ಗಿಸಿದ್ರೆ ಬಾಲ ಮೇಲೆತ್ತಿ ಆಳಕ್ಕೆ ಹೋಗುತ್ತೆ, ಅವಾಗ ಜಾಸ್ತಿ ಹೊತ್ತು ಕಾಯಬೇಕು."

ಎಲ್ಲರೂ ಆ ಕಡೆ ನೋಡ್ತಾ ಕಾದ್ರು. ನಾನು ಈ ಗ್ಯಾಪಲ್ಲಿ ಇನ್ನೊಂದ್ಸಲ ವಾಂತಿ ಮಾಡ್ಕೊಂಡೆ. ಆಗ ಎಲ್ಲ ಕಡೆಯಿಂದ "ಓ!" ಅಂತ ಕೂಗು.

"ಬಂತು ಬೇಟಾ! ನೀ ಹೇಳಿದಂಗೇ! ಮೂತಿ ಮೊದಲು ಬಂತು!" ಅಬ್ಬಾ ನನ್ನ ಬೆನ್ನ ಮೇಲೆ ಎಷ್ಟು ಜೋರಾಗಿ ಹೊಡೆದ್ರು ಅಂದ್ರೆ ಉಳಿದಿದ್ದೂ ಆಚೆ ಬಂತು. "ಒಂದಲ್ಲ, ಇನ್ನೂ ಎರಡಿದೆ ಹಿಂದೆ!"

"ಅಬ್ಬಾ, ಯಾವುದಾದ್ರೂ ಒಂದರ ಪಕ್ಕ ಚಿಕ್ಕದಿದ್ಯಾ? ಮರಿ ಆದ್ರೆ ತಾಯಿ ಪಕ್ಕದಲ್ಲೇ ಇರುತ್ತೆ, ತಾಯಿ ಎದ್ದಾಗ್ಲೇ ಅದೂ ಏಳುತ್ತೆ. ಬಣ್ಣ ಸ್ವಲ್ಪ ತಿಳಿ ಇರುತ್ತೆ. ಸರಿಯಾಗಿ ನೋಡಿ."

ಅಬ್ಬಾ ಬಗ್ಗಿ ನೀರು ನೋಡಿದ್ರು. ಅವರ ಕೈ ನನ್ನ ಭುಜದ ಮೇಲಿತ್ತು. ಆ ಕೈ ಬಿಗಿಯಾಯ್ತು.

"ಇದೆ ಬೇಟಾ," ಅಂದ್ರು ಮೆಲ್ಲಗೆ. "ಇದೆ. ಅಂಟ್ಕೊಂಡಂಗೆ ಇದೆ."

ಜನಕ್ಕೆ ಮರಿ ಅಂದ ತಕ್ಷಣ ಇನ್ನೂ ಹತ್ರ ಬೇಕಾಯ್ತು. "ಬೋಟ್ ಆ ಕಡೆ ಹೊಡೀರಿ" ಅಂತ ಯಾರೋ ಅಂದ್ರು. ನಂಗೆ ಸಿಟ್ಟು ಬಂತು. "ಹೋಗಬಾರದು! ಮರಿ ಇದೆ. ಅಡ್ಡ ಹೋದ್ರೆ ಹೆದರಿ ದೂರ ಹೋಗ್ತವೆ. ಇಂಜಿನ್ ಆಫ್ ಮಾಡಿ ಸುಮ್ಮನೆ ಕೂತ್ರೆ ಅವಕ್ಕೆ ಬೇಕಾದ್ರೆ ಅವೇ ಬರ್ತವೆ" ಅಂದೆ. ನೆಲದ ಮೇಲೆ ಬಿದ್ದಿರೋಳ ಮಾತು ಯಾರು ಕೇಳ್ತಾರೆ ಅಂದ್ಕೊಂಡಿದ್ದೆ. ಇಂಜಿನ್ ನಿಂತಿತು. ಸುಜಾತಕ್ಕ ಆಗಲೇ ಬೋಟ್ ನಡೆಸೋರಿಗೆ ಕೈ ತೋರಿಸಿದ್ರಂತೆ. ನಂಗದು ಗೊತ್ತಿರಲಿಲ್ಲ, ನನ್ನ ಮಾತಿಗೇ ನಿಂತಿತು ಅಂದ್ಕೊಂಡು ಒಳಗೊಳಗೇ ಬೀಗಿದೆ.

ಇಂಜಿನ್ ನಿಂತ ಮೇಲೆ ನೀರು ಬೋಟಿಗೆ ತಟ್ಟೋದು ಬಿಟ್ರೆ ಏನೂ ಸದ್ದಿಲ್ಲ. ಹಂಗೇ ಇರಬೇಕಾದ್ರೆ ಹತ್ರದಲ್ಲೇ ಕೇಳಿಸ್ತು. ಫುಸ್ಸ್ ಅಂತ. ಉಸಿರು. ವಿಡಿಯೋದಲ್ಲಿ ಎಷ್ಟೋ ಸಲ ಕೇಳಿದ್ದೆ, ಆದ್ರೆ ಇದು ಹಸಿ ಹಸಿ ಉಸಿರು, ನಮ್ಮ ಥರ ಶ್ವಾಸಕೋಶ ಇರೋ ಪ್ರಾಣಿದು. ಅದರ ಹಿಂದೆನೇ ಮೀನು ಕೊಳೆತಂಥ ವಾಸನೆ ಬಂತು. ಡಾಲ್ಫಿನ್ ಉಸಿರು ಅಷ್ಟು ನಾರುತ್ತೆ ಅಂತ ಯಾವ ವಿಡಿಯೋದಲ್ಲೂ ಗೊತ್ತಾಗಲ್ಲ. ನಾನು ತಲೆ ಎತ್ತಿದೆ, ಈ ಸಲ ಎತ್ತೇ ಬಿಟ್ಟೆ. ನೀರ ಮೇಲೆ ಅದು ಮುಳುಗಿದ ಜಾಗದಲ್ಲಿ ಗುಂಡಗೆ, ನುಣ್ಣಗೆ ಒಂದು ಗುರುತು ಹರಡ್ತಾ ಇತ್ತು. ನಾನು ನೋಡಿದ್ದು ಅಷ್ಟೇ.

ವಾಪಸ್ ದಡಕ್ಕೆ ಬಂದು ಇಳಿದ್ವಿ. ಹುಬ್ಬಳ್ಳಿ ಕಾಕಾ "ಮೇಡಂ, ಆರಾಮಾಗ್ರೀ. ನಿಮ್ಮ ದೆಸೆಯಿಂದ ಚಲೋ ನೋಡಿದ್ವಿ" ಅಂತ ಹೇಳಿ ಹೋದ್ರು. ನಾನು ಕಟ್ಟೆ ಮೇಲೆ ಕೂತು ಎಳನೀರು ಕುಡೀತಿದ್ದೆ. ಅಬ್ಬಾ ಬೋಟಿನ ಹತ್ರ ಸುಜಾತಕ್ಕನ ಜೊತೆ ಮಾತಾಡ್ತಾ ನಿಂತಿದ್ರು. ಕ್ಷಮೆ ಕೇಳ್ತಿದಾರೆ, ಇನ್ನು ಊರಿಗೆ ಹೊರಡೋದೇ ಅಂದ್ಕೊಂಡೆ. ಹತ್ರ ಹೋದ್ರೆ ಬೇರೇನೇ ನಡೀತಿತ್ತು.

"ಬೋಟ್ ಓಡಿಸೋರಿಗೆ ಎಷ್ಟು ವರ್ಷ ಸರ್ವೀಸು? ಮಧ್ಯದಲ್ಲಿ ಇಂಜಿನ್ ಕೆಟ್ರೆ? ಗೈಡ್ ಹುಡುಗೀರು ಎಲ್ಲಿರ್ತಾರೆ? ಊಟ ಯಾರು ಮಾಡ್ತಾರೆ?" ಅಂತ ಅಬ್ಬಾ ಒಂದೊಂದೇ ಕೇಳ್ತಿದ್ರು, ಬಸ್ಸು ಫಿಟ್‌ನೆಸ್ ಸರ್ಟಿಫಿಕೇಟಿಗೆ ಹೋದಾಗ ಇನ್‌ಸ್ಪೆಕ್ಟರು ಕೇಳಿದಂಗೆ. ಸುಜಾತಕ್ಕ ಎಲ್ಲಕ್ಕೂ ಉತ್ತರ ಕೊಟ್ಟರು. ಗೈಡ್ ಹುಡುಗೀರೆಲ್ಲ ಅವರ ಮನೆ ಮಹಡೀಲೇ ಇರ್ತಾರಂತೆ.

"ಬ್ರೇಕ್ ಇಲ್ಲ ಅಂತೀರಿ, ಅದೊಂದು ನಂಗೆ ಸರಿ ಕಾಣಲಿಲ್ಲ" ಅಂದ್ರು ಅಬ್ಬಾ. ಆಮೇಲೆ "ಇವಳು ಯಾವತ್ತಿಂದ ಬರಬೇಕು?" ಅಂತ ಕೇಳಿದ್ರು.

ನಂಗೆ ಕೇಳಿಸಿದ್ದು ನಿಜಾನಾ ಅನ್ನಿಸ್ತು. ಅಮ್ಮಿಗೂ ಹಂಗೇ ಅನಿಸಿರಬೇಕು. "ಏನ್ರೀ ಇದು? ಕರುಳು ಕಿತ್ತು ಬರೋ ಹಂಗೆ ವಾಂತಿ ಮಾಡ್ಕೊಂಡೋಳನ್ನ ದಿನಾ ಬೋಟ್ ಹತ್ತಿಸ್ತೀರಾ?" ಅಂದ್ರು.

"ವಾಂತಿ ಮಾಡಿಸಿದ್ದು ನಾನು, ಅವಳಲ್ಲ" ಅಂದ್ರು ಅಬ್ಬಾ. "ಬಸ್ಸಿನ ಬುದ್ಧಿ ಬೋಟಿಗೆ ಹಾಕ್ದೆ. ಇರಲಿ ಬಿಡು. ನಾನು ಕ್ಲೀನರ್ ಆಗಿ ಸೇರಿದ ಮೊದಲನೇ ದಿನ ಕಲ್ಲತ್ತಿಗಿರಿ ತಿರುವಲ್ಲಿ ಓನರ್ ಪ್ಯಾಂಟ್ ಮೇಲೇ ಮಾಡ್ಕೊಂಡಿದ್ದೆ. ಅದು ನಿಲ್ಲುತ್ತೆ. ಇವಳು ಅಷ್ಟು ವಾಂತೀಲೂ ಮಾತು ನಿಲ್ಲಿಸ್ಲಿಲ್ಲ ನೋಡು. ಅವಳು ಒಂದೂ ನೋಡಲಿಲ್ಲ, ಬೋಟಲ್ಲಿದ್ದ ಅಷ್ಟು ಜನಕ್ಕೂ ತೋರಿಸಿದ್ಲು. ಕೆಲಸ ಮಾಡೋದು ನನ್ನ ಕಣ್ಣಿಗೆ ಕಾಣಬೇಕು ಅಂದಿದ್ದೆ. ಕಂಡಿತು."

ಸುಜಾತಕ್ಕ ನನ್ನ ಕಡೆ ತಿರುಗಿ "ನಾಳೆ ಬೆಳಿಗ್ಗೆ ಇನ್ನೊಂದು ಟ್ರಿಪ್ ಇದೆ, ನಡುವೆ ಕೂತು ಬರ್ತೀಯಾ? ಹೊಟ್ಟೇಲಿ ಏನೂ ಉಳಿದಿಲ್ಲ, ಹೆದರೋ ಅಗತ್ಯ ಇಲ್ಲ" ಅಂದ್ರು. ಮಾತು ಬಹುವಚನದಿಂದ ಏಕವಚನಕ್ಕೆ ಬಂದಿತ್ತು. ಕೆಲಸ ಸಿಕ್ತು ಅಂತ ನಂಗೆ ಅಲ್ಲೇ ಗೊತ್ತಾಯ್ತು.

ಈಗ ನಾನು ಕಾರವಾರದಲ್ಲೇ ಇದೀನಿ. ಹೊಟ್ಟೆ ಎರಡು ವಾರದಲ್ಲಿ ಸರಿಹೋಯ್ತು. ಬರೋ ಜನಕ್ಕೆ ಮೊದಲು ಹೇಳೋದೇ ಎಲ್ಲಿ ಕೂರಬೇಕು ಅಂತ. ಅಬ್ಬಾ ಅಲ್ಲಿ ಬಸ್ಸಲ್ಲಿ ಮುಂದೆ ಕೂತೋರಿಗೆಲ್ಲ ಡಾಲ್ಫಿನ್ ಮರಿ ಕಥೆ ಹೇಳ್ತಾರಂತೆ. ಸ್ಟೇರಿಂಗ್‌ನಿಂದ ಕೈ ತೆಗೆದು ಅದು ಹೆಂಗೆ ಬಗ್ಗಿತು ಅಂತ ತೋರಿಸ್ತಾರೆ ಅಂತ ಕಂಡಕ್ಟರು ಅಮ್ಮಿ ಹತ್ರ ದೂರು ಕೊಟ್ಟಿದ್ದಾರೆ.

ಆಮೇಲೆ ನಾನು ಎಷ್ಟೋ ಡಾಲ್ಫಿನ್ ನೋಡಿದೆ. ಬೆಳಿಗ್ಗೆ ಬಿಸಿಲಲ್ಲಿ, ಮೋಡ ಇದ್ದಾಗ, ಬೋಟಿನ ಪಕ್ಕದಲ್ಲೇ ಬಂದು ಹೋಗಿದ್ದೂ ನೋಡಿದೆ. ಆದ್ರೂ ಇಂಜಿನ್ ಆಫ್ ಆಗಿ, ಜನ ಎಲ್ಲ ಸುಮ್ಮನಾದಾಗ ಇವತ್ತಿಗೂ ನಂಗೆ ಮೊದಲು ಕೇಳಿಸೋದು ಅಬ್ಬಾ ದನಿ, "ಇದೆ ಬೇಟಾ, ಇದೆ" ಅಂತ. ಡಾಲ್ಫಿನ್ ಉಸಿರು ಕೇಳೋದು ಆಮೇಲೆ.